ಹೆಸರಿನ ಪೇಟೆಯೂ ಸಣ್ಣ ಗಂಟೂ

ಗಿರಣಿಯ ಬೋನಸ್ ಕೈಗೆ ಬಂದ ತಿಂಗಳಲ್ಲಿ, ಅಥವಾ ಹಬ್ಬದ ವ್ಯಾಪಾರ ಮುಗಿದು ಅಂಗಡಿಯ ಗಲ್ಲಾದಲ್ಲಿ ನಾಲ್ಕು ಕಾಸು ಉಳಿದ ದಿನಗಳಲ್ಲಿ, ಅದನ್ನು ಹತ್ತರಷ್ಟು ಮಾಡಿಕೊಡುತ್ತೇವೆಂದು ಹೇಳಿಕೊಂಡು ಬರುವವರಿಗೆ ಯಾವ ಕಾಲದಲ್ಲಿಯೂ ಕೊರತೆಯಿರಲಿಲ್ಲ. ಈಗ ಅವರು ಬಾಗಿಲಿಗೆ ಬರುವುದಿಲ್ಲ. ಫೋನಿನ ಪರದೆಯ ಮೇಲೆ ಬರುತ್ತಾರೆ. ಅವರ ಮಾತುಗಳಲ್ಲಿ ಇತ್ತೀಚಿನದು ಇದು: "ಸಾವಿರ ರೂಪಾಯಿಗೆ ಒಂದು ಹೆಸರು ಕೊಳ್ಳಿರಿ, ಲಕ್ಷ ರೂಪಾಯಿಗೆ ಮಾರಿರಿ." ಈ ಉದ್ಯೋಗಕ್ಕೆ ಡೊಮೇನ್ ಹೂಡಿಕೆ ಎಂದು ಹೆಸರು. 2019ರಲ್ಲಿ ಇಂಗ್ಲಿಷಿನ 'ವಾಯ್ಸ್' ಎಂಬ ಒಂದೇ ಪದದ ಡಾಟ್ ಕಾಮ್ ವಿಳಾಸ ಮೂರು ಕೋಟಿ ಡಾಲರಿಗೆ ಮಾರಾಟವಾಯಿತೆಂಬುದು ನಿಜ. ಅದನ್ನು ಕೇಳಿದ ಮೇಲೆ ಪಾಳಿ ಮುಗಿಸಿ ಬಂದ ತರುಣನೊಬ್ಬನು "ನಾನೂ ಎರಡು ಹೆಸರು ಕೊಂಡರೆ ಹೇಗೆ?" ಎಂದು ಯೋಚಿಸಿದರೆ ಅವನನ್ನು ನಗುವುದು ತರವಲ್ಲ. ಅವನಿಗೆ ಲೆಕ್ಕ ತೋರಿಸಬೇಕು. ಈ ವಾರ ನಾವು ಮಾಡಹೊರಟಿರುವುದು ಅದನ್ನೇ.

ಮೊದಲು ವಸ್ತು ಯಾವುದೆಂದು ತಿಳಿಯೋಣ. ಅಂತರಜಾಲಕ್ಕೆ ಸೇರಿದ ಯಂತ್ರಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಅಂಕಿಗಳನ್ನು ನೆನಪಿಟ್ಟುಕೊಳ್ಳುವುದು ಮನುಷ್ಯರಿಗೆ ಕಷ್ಟವಾದುದರಿಂದ ಅವುಗಳ ಬದಲು ಅಕ್ಷರದ ಹೆಸರುಗಳನ್ನು ಬಳಸುವ ಈಗಿನ ವ್ಯವಸ್ಥೆಯನ್ನು 1983ರಲ್ಲಿ ಅಮೆರಿಕದ ಪಾಲ್ ಮೊಕಪೆಟ್ರಿಸ್ ರೂಪಿಸಿದರು. ಈ ಹೆಸರೇ ಡೊಮೇನ್. ಅದರ ಕೊನೆಯ ತುಂಡನ್ನು, ಎಂದರೆ ಡಾಟ್ ಕಾಮ್, ಡಾಟ್ ಇನ್ ಮುಂತಾದುದನ್ನು, ನಾವು ಇಲ್ಲಿ ಬಾಲವೆಂದು ಕರೆಯೋಣ. ಡಾಟ್ ಕಾಮ್ ಬಾಲದ ಮೊದಲ ಹೆಸರನ್ನು 1985ರ ಮಾರ್ಚ್ 15ರಂದು ಸಿಂಬಾಲಿಕ್ಸ್ ಎಂಬ ಕಂಪ್ಯೂಟರ್ ಕಂಪನಿ ನೋಂದಾಯಿಸಿತು. ಈಗ ಅಂಥ ಹೆಸರುಗಳು 15 ಕೋಟಿಗೂ ಹೆಚ್ಚಿವೆ.

ಆರಂಭದ ಹತ್ತು ವರ್ಷ ಹೆಸರಿಗೆ ಕಾಸು ಕೊಡಬೇಕಾಗಿರಲಿಲ್ಲವೆಂಬ ಸಂಗತಿಯನ್ನು ಇಂದಿನ ಪ್ರಚಾರಕರು ಹೇಳುವುದಿಲ್ಲ. ಸರ್ಕಾರದ ಹಣದಿಂದ ಬೆಳೆದ ಜಾಲವದು. ಕೇಳಿದವರಿಗೆ ಹೆಸರು ಸಿಗುತ್ತಿತ್ತು. 1995ರ ಸೆಪ್ಟೆಂಬರಿನಲ್ಲಿ ನೆಟ್‌ವರ್ಕ್ ಸಲ್ಯೂಷನ್ಸ್ ಎಂಬ ಖಾಸಗಿ ಕಂಪನಿಗೆ ವರ್ಷಕ್ಕೆ 50 ಡಾಲರ್ ವಸೂಲಿ ಮಾಡುವ ಅನುಮತಿ ದೊರೆಯಿತು. 1998ರಲ್ಲಿ ಹೆಸರುಗಳ ಮೇಲ್ವಿಚಾರಣೆಗೆಂದು ಕ್ಯಾಲಿಫೋರ್ನಿಯದಲ್ಲಿ ಐಕ್ಯಾನ್ ಎಂಬ ಲಾಭರಹಿತ ಸಂಸ್ಥೆ ಸ್ಥಾಪನೆಯಾಯಿತು. ಆಮೇಲೆ ಚಿಲ್ಲರೆ ಮಾರುವ ರಿಜಿಸ್ಟ್ರಾರ್ ಕಂಪನಿಗಳು ಹಲವಾದವು, ಅವುಗಳೊಳಗೆ ಪೈಪೋಟಿಯಿಂದ ಬೆಲೆ ಇಳಿಯಿತು. ಆದರೆ ಡಾಟ್ ಕಾಮ್‌ನ ಸಗಟು ಕೀಲಿ ಇರುವುದು ಒಂದೇ ಕೈಯಲ್ಲಿ. 2000ದಲ್ಲಿ ನೆಟ್‌ವರ್ಕ್ ಸಲ್ಯೂಷನ್ಸನ್ನು ಕೊಂಡ ವೆರಿಸೈನ್ ಕಂಪನಿಯ ಕೈ ಅದು. ನೀವು ಯಾವ ಚಿಲ್ಲರೆ ಅಂಗಡಿಯಲ್ಲಿ ಹೆಸರು ಕೊಂಡರೂ ಸಗಟು ದರ ಅಲ್ಲಿಗೆ ಸೇರುತ್ತದೆ. 2021ರ ಮೊದಲು ಆ ದರ ವರ್ಷಕ್ಕೆ 7.85 ಡಾಲರ್ ಇತ್ತು. ನಾಲ್ಕು ವರ್ಷ ಸತತವಾಗಿ ನೂರಕ್ಕೆ ಸುಮಾರು ಏಳರಂತೆ ಏರಿ 2024ರ ಸೆಪ್ಟೆಂಬರಿನಲ್ಲಿ 10.26 ಡಾಲರಾಯಿತು.

ಇದರಿಂದ ತಿಳಿಯಬೇಕಾದುದೇನು? ಹೆಸರನ್ನು "ಕೊಂಡೆವು" ಎಂದು ನಾವು ಹೇಳಿದರೂ ಅದು ಕ್ರಯವಲ್ಲ, ಗೇಣಿ. ಒಮ್ಮೆಗೆ ಹೆಚ್ಚೆಂದರೆ ಹತ್ತು ವರ್ಷಕ್ಕೆ ಬರೆಸಿಕೊಳ್ಳಬಹುದು. ಶಾಶ್ವತವಾಗಿ ಕೊಳ್ಳಲು ಯಾರಿಗೂ ಸಾಧ್ಯವಿಲ್ಲ. ಬೆಳೆ ಬಂದರೂ ಬಾರದಿದ್ದರೂ ಗೇಣಿ ಅಳೆಯಲೇಬೇಕಾಗಿದ್ದ ರೈತನ ಕಥೆ ನಮ್ಮ ಓದುಗರ ಮನೆಗಳಲ್ಲಿ ಹಲವರಿಗೆ ಗೊತ್ತು. ಹೆಸರು ಮಾರಾಟವಾದರೂ ಆಗದಿದ್ದರೂ ವರ್ಷಕ್ಕೊಮ್ಮೆ ಹಣ ಕಟ್ಟಲೇಬೇಕು. ಕಟ್ಟದಿದ್ದರೆ ಹೆಸರು ಹೋಯಿತು. ಈ ಪೇಟೆಯಲ್ಲಿ ಸೋಲಿಲ್ಲದ ಲಾಭ ಗೇಣಿ ವಸೂಲಿ ಮಾಡುವವನದು.

ಬಾಲಗಳ ಒಡೆತನದ ಕಥೆಯೂ ಹೀಗೆಯೇ. ಹೊಸ ಬಾಲಗಳಿಗಾಗಿ 2012ರಲ್ಲಿ ಐಕ್ಯಾನ್ ಅರ್ಜಿ ಕರೆದಾಗ ಒಂದೊಂದು ಅರ್ಜಿಯ ಶುಲ್ಕ 1,85,000 ಡಾಲರ್. ಹೀಗಿದ್ದೂ 1,930 ಅರ್ಜಿಗಳು ಬಂದವು. ಅದು ಯಾರ ಪಂಕ್ತಿಯೆಂದು ಬಿಡಿಸಿ ಹೇಳಬೇಕಾಗಿಲ್ಲ. ದೇಶಗಳಿಗೆ ಸೇರಿದ ಎರಡಕ್ಷರದ ಬಾಲಗಳಲ್ಲಿ ಕೆಲವು ಸಣ್ಣ ಜನರ ಕೈ ಹಿಡಿದಿವೆ ಎಂಬುದನ್ನೂ ಹೇಳಬೇಕು. ಶಾಂತಸಾಗರದ ಟುವಾಲು ಎಂಬ ಪುಟ್ಟ ದ್ವೀಪರಾಷ್ಟ್ರ ತನ್ನ ಡಾಟ್ ಟಿವಿ ಬಾಲವನ್ನು ಗುತ್ತಿಗೆ ಕೊಟ್ಟು ಬಂದ ಹಣದ ನೆರವಿನಿಂದ 2000ದಲ್ಲಿ ವಿಶ್ವಸಂಸ್ಥೆಯ ಸದಸ್ಯತ್ವ ಪಡೆಯಿತು. ಕೃತಕ ಬುದ್ಧಿಮತ್ತೆಯ ಗಾಳಿ ಬೀಸಿದ ಮೇಲೆ ಕೆರಿಬಿಯನ್ ಸಮುದ್ರದ ಆಂಗ್ವಿಲ ದ್ವೀಪಕ್ಕೆ ಡಾಟ್ ಎಐ ಬಾಲದಿಂದ 2023ರಲ್ಲಿ ಸುಮಾರು 3.2 ಕೋಟಿ ಡಾಲರ್ ಬಂತು. ಅದು ಅಲ್ಲಿನ ಸರ್ಕಾರದ ಆದಾಯದ ಐದನೆಯ ಒಂದು ಪಾಲಿಗಿಂತ ಹೆಚ್ಚು. ಇನ್ನೊಂದು ಮುಖವೂ ಉಂಟು. ಕಂಪ್ಯೂಟರ್ ಕಂಪನಿಗಳು ಮೆಚ್ಚಿಕೊಂಡ ಡಾಟ್ ಐಓ ಬಾಲ ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳ ಹೆಸರಿನಲ್ಲಿದೆ. ಆ ದ್ವೀಪದ ಜನರನ್ನು 1968ರಿಂದ 1973ರ ಒಳಗೆ, ಸೈನಿಕ ನೆಲೆಗಾಗಿ, ಬ್ರಿಟಿಷ್ ಸರ್ಕಾರ ಹೊರಹಾಕಿತು. ಅವರ ನೆಲದ ಬಾಲ ಲೋಕವೆಲ್ಲ ಮಾರಾಟವಾಗುತ್ತಿರುವಾಗ ಅವರು ಅದರಲ್ಲಿ ಪಾಲು ಕೇಳಬೇಕಾಗಿ ಬಂತು.

ಇನ್ನು ನಮ್ಮ ತರುಣನ ಗಂಟಿನ ಲೆಕ್ಕಕ್ಕೆ ಬರೋಣ. ಡಾಟ್ ಕಾಮ್ ಹೆಸರೊಂದಕ್ಕೆ ಸಗಟು ದರ, ಚಿಲ್ಲರೆಯವನ ಲಾಭ, ನೂರಕ್ಕೆ 18ರ ಜಿಎಸ್‌ಟಿ ಎಲ್ಲ ಕೂಡಿ ವರ್ಷಕ್ಕೆ 1,200 ರೂಪಾಯಿ ಎಂದಿಟ್ಟುಕೊಳ್ಳಿ. ಅವನು ಹತ್ತು ಹೆಸರು ಹಿಡಿದರೆ ವರ್ಷಕ್ಕೆ 12,000. ಐದು ವರ್ಷಕ್ಕೆ 60,000 ರೂಪಾಯಿ. ಹೆಸರುಗಳನ್ನು ಇಟ್ಟುಕೊಂಡು ಕಾಯುವವರಲ್ಲಿ ವರ್ಷಕ್ಕೆ ನೂರು ಹೆಸರಿನಲ್ಲಿ ಒಂದೋ ಎರಡೋ ಮಾರಾಟವಾಗುತ್ತವೆಂಬುದು ಈ ಕಸುಬಿನವರೇ ತಮ್ಮೊಳಗೆ ಆಡಿಕೊಳ್ಳುವ ಲೆಕ್ಕ. ಹತ್ತು ಹೆಸರು ಐದು ವರ್ಷ ಎಂದರೆ ಐವತ್ತು ಸಲದ ಅವಕಾಶ. ನೂರಕ್ಕೆ ಎರಡರ ದರದಲ್ಲಿ ಒಂದು ಮಾರಾಟ. ನೂರಕ್ಕೆ ಒಂದರ ದರದಲ್ಲಿ ಅರ್ಧ ಮಾರಾಟ. ಅರ್ಧ ಹೆಸರನ್ನು ಯಾರೂ ಕೊಳ್ಳುವುದಿಲ್ಲ. ಆ ಒಂದು ಮಾರಾಟವಾದರೂ ಮಾರುಕಟ್ಟೆಯ ಕಂಪನಿಗಳು ನೂರಕ್ಕೆ 10ರಿಂದ 25ರವರೆಗೆ ದಲಾಲಿ ಹಿಡಿಯುತ್ತವೆ. ಇಪ್ಪತ್ತೆಂದು ಇಟ್ಟುಕೊಂಡರೆ, 75,000 ರೂಪಾಯಿಗೆ ಮಾರಿದಾಗ ಕೈಗೆ ಬರುವುದು 60,000. ಹಾಕಿದ ಹಣ ಬಂತು. ಬಡ್ಡಿಯಿಲ್ಲ, ಐದು ವರ್ಷ ರಾತ್ರಿ ಕುಳಿತು ಹುಡುಕಿದ ದುಡಿಮೆಗೆ ಕೂಲಿಯಿಲ್ಲ.

ಒಂದೂ ಮಾರದೆ ಉಳಿಯುವ ಸಂಭವವೆಷ್ಟು? ನೂರಕ್ಕೆ ಎರಡರ ದರದಲ್ಲಿ ಲೆಕ್ಕ ಹಾಕಿದರೆ ಐದು ವರ್ಷದ ಕೊನೆಗೆ ಬರಿಗೈಯಲ್ಲಿ ನಿಲ್ಲುವ ಸಂಭವ ಮೂರರಲ್ಲಿ ಒಂದಕ್ಕಿಂತ ತುಸು ಹೆಚ್ಚು. ನೂರಕ್ಕೆ ಒಂದರ ದರದಲ್ಲಿ ಅದು ಐದರಲ್ಲಿ ಮೂರು. ಹತ್ತು ಸಾವಿರ ಹೆಸರುಗಳನ್ನು ಇಟ್ಟುಕೊಂಡಿರುವ ಕಂಪನಿಯ ಸ್ಥಿತಿ ಹಾಗಲ್ಲ. ಅದೇ ನೂರಕ್ಕೆ ಒಂದರ ದರದಲ್ಲಿ ಅದಕ್ಕೆ ಪ್ರತಿವರ್ಷ ಸುಮಾರು ನೂರು ಮಾರಾಟ. ಒಂದು ವರ್ಷ ಎಂಬತ್ತಾದೀತು, ಮತ್ತೊಂದು ವರ್ಷ ನೂರಿಪ್ಪತ್ತಾದೀತು, ಬರಿಗೈ ಎಂಬುದಿಲ್ಲ. ದರ ಇಬ್ಬರಿಗೂ ಒಂದೇ. ಆದರೆ ದೊಡ್ಡವನಿಗೆ ಸರಾಸರಿ ಕೈಗೆ ಬರುತ್ತದೆ. ಸಣ್ಣವನಿಗೆ ಬರುವುದು ಅದೃಷ್ಟ ಮಾತ್ರ. "ಅವರು ಮಾಡಿದರು, ನೀವೂ ಮಾಡಿ" ಎಂಬ ಪ್ರಚಾರದಲ್ಲಿ ಮುಚ್ಚಿಟ್ಟಿರುವ ಸತ್ಯ ಇದು. ಈ ಕಾರಣಕ್ಕಾಗಿ, ಇದನ್ನು ಮನೆಯ ಉಳಿತಾಯವನ್ನು ಹೂಡುವ ಸ್ಥಳವೆಂದು ಯಾರೂ ತಿಳಿಯಬಾರದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಸಾಲ ತಂದು ಮಾಡುವುದಂತೂ ಸರ್ವಥಾ ಕೂಡದು.

ಹಾಗಾದರೆ ಸಣ್ಣವನಿಗೆ ಇಲ್ಲಿ ಏನೂ ಇಲ್ಲವೆ? ಇದೆ. ಮೊದಲನೆಯ ಹೆಸರು ಮಾರುವುದಕ್ಕಲ್ಲ, ಇಟ್ಟುಕೊಳ್ಳುವುದಕ್ಕೆ. ನಿಮ್ಮ ಅಂಗಡಿಯ ಹೆಸರು, ನಿಮ್ಮ ಸಹಕಾರ ಸಂಘದ ಹೆಸರು, ಮನೆಯಲ್ಲಿ ಹಪ್ಪಳ ಮಾಡಿ ಮಾರುವ ತಾಯಂದಿರ ಗುಂಪಿನ ಹೆಸರು ಇನ್ನೂ ಖಾಲಿಯಿದ್ದರೆ ಇಂದೇ ನೋಂದಾಯಿಸಿರಿ. ಡಾಟ್ ಇನ್ ಬಾಲವನ್ನು ನಮ್ಮ ದೇಶದಲ್ಲಿ ನಿಕ್ಸಿ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. 2005ರಿಂದ ಅದು ಸಾರ್ವಜನಿಕರಿಗೆ ತೆರೆದಿದೆ. ಕನ್ನಡ ಅಕ್ಷರದಲ್ಲಿಯೇ ಬರೆಯುವ ಡಾಟ್ ಭಾರತ ಬಾಲವೂ ಉಂಟು. ಅಂಥ ಕನ್ನಡ ಹೆಸರನ್ನು ಬಳಸುವುದಕ್ಕೆಂದು ಪಡೆಯಿರಿ, ಮಾರುವ ಆಸೆಯಿಂದ ಬೇಡ.

ಇಲ್ಲಿ ಒಂದು ಎಚ್ಚರಿಕೆ. ಅಂಗಡಿಯ ವೆಬ್‌ಸೈಟ್ ಮಾಡಿಕೊಡುವವನು ಹೆಸರನ್ನು ತನ್ನದೇ ಖಾತೆಯಲ್ಲಿ ನೋಂದಾಯಿಸಿಕೊಳ್ಳುವುದುಂಟು. ಹಣ ಕೊಟ್ಟವರು ನೀವು, ದಾಖಲೆಯಲ್ಲಿ ಹಿಡುವಳಿದಾರ ಅವನು. ನಾಳೆ ಮನಸ್ತಾಪ ಬಂದರೆ ಹತ್ತು ವರ್ಷ ಬೆಳೆಸಿದ ವಿಳಾಸ ಅವನ ಕೈಯಲ್ಲಿರುತ್ತದೆ. ಖಾತೆ ನಿಮ್ಮ ಹೆಸರಿನಲ್ಲಿ, ನಿಮ್ಮ ಫೋನ್ ಮತ್ತು ಇಮೇಲ್ ವಿಳಾಸದಲ್ಲಿಯೇ ಇರಲಿ. ಪಾಸ್‌ವರ್ಡ್ ನಿಮ್ಮ ಬಳಿ ಇರಲಿ. ಅವಧಿ ಮುಗಿಯುವ ದಿನವನ್ನು ಖಾತೆಪುಸ್ತಕದಲ್ಲಿ ಬರೆದಿಡಿ. ಡಾಟ್ ಕಾಮ್ ಹೆಸರಿನ ಅವಧಿ ಮುಗಿದ ಮೇಲೆ ರಿಜಿಸ್ಟ್ರಾರ್ ಕಂಪನಿ ಕೊಡುವ ಸಣ್ಣ ಗಡುವಿನಲ್ಲಿ ಸಾಮಾನ್ಯ ದರಕ್ಕೆ ನವೀಕರಿಸಬಹುದು. ಅದು ತಪ್ಪಿ ಹೆಸರು ಅಳಿಸಲ್ಪಟ್ಟರೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಕಾಶ. ಆಮೇಲೆ 5 ದಿನ ಕಳೆದರೆ ಹೆಸರು ಮತ್ತೆ ಪೇಟೆಗೆ. ಹಾಗೆ ಬೀಳುವ ಹೆಸರುಗಳನ್ನು ಕ್ಷಣಾರ್ಧದಲ್ಲಿ ಹಿಡಿಯಲು ಯಂತ್ರಗಳನ್ನಿಟ್ಟುಕೊಂಡ ಕಂಪನಿಗಳು ಕಾದು ಕುಳಿತಿರುತ್ತವೆ.

ಇಷ್ಟಾದ ಮೇಲೂ ವ್ಯಾಪಾರ ಮಾಡಿಯೇ ನೋಡಬೇಕೆಂಬ ಉತ್ಸಾಹವಿದ್ದರೆ ಹೀಗೆ ಮಾಡಿರಿ. ಪೂರ್ತಿ ಹೋದರೂ ಮನೆಯ ಅಡಿಗೆ ನಿಲ್ಲದಷ್ಟು ಹಣವನ್ನು, ಐದು ಸಾವಿರವೆನ್ನಿ, ಬೇರೆ ತೆಗೆದಿಡಿ. ಅದರಲ್ಲಿ ಎರಡೇ ಹೆಸರು ಕೊಳ್ಳಿರಿ. ಉಳಿದುದು ಮುಂದಿನ ವರ್ಷದ ಗೇಣಿಗೆ. ಮೊದಲ ತಿಂಗಳು ಏನನ್ನೂ ಕೊಳ್ಳದೆ, ಎಂಥ ಹೆಸರುಗಳು ನಿಜವಾಗಿ ಎಷ್ಟಕ್ಕೆ ಮಾರಾಟವಾದವು ಎಂಬ ಪ್ರಕಟಿತ ಪಟ್ಟಿಗಳನ್ನು ಓದಿರಿ. ಮಾರುವವನು ಕೇಳುವ ಬೆಲೆ ಬೇರೆ, ಕೊಂಡವನು ಕೊಟ್ಟ ಬೆಲೆ ಬೇರೆ ಎಂಬುದು ಸಂತೆಗೆ ಹೋಗುವವರಿಗೆ ಹೊಸ ಪಾಠವಲ್ಲ.

ಹೆಸರನ್ನು ಆರಿಸುವಾಗ ಒಂದೇ ಪ್ರಶ್ನೆ: ಇದನ್ನು ಕೊಳ್ಳುವವನು ಯಾರು? ಕನಿಷ್ಠ ಹತ್ತು ಬಗೆಯ ಅಂಗಡಿಯವರೋ ಉದ್ಯಮದವರೋ ಕಣ್ಣಿಗೆ ಕಾಣದಿದ್ದರೆ ಕೊಳ್ಳಬೇಡಿ. ದೊಡ್ಡ ಕಂಪನಿಗೆ ಸರಾಸರಿಯ ಬಲವಿದ್ದರೆ ನಿಮಗೆ ಇರುವುದು ನಿಮ್ಮ ಕಸುಬಿನ ತಿಳಿವಳಿಕೆ. ನೂಲಿನ ವ್ಯಾಪಾರದಲ್ಲಿ, ಅಡಕೆ ಮಂಡಿಯಲ್ಲಿ, ಬಿಡಿಭಾಗಗಳ ಅಂಗಡಿಯಲ್ಲಿ ಜನ ಯಾವ ಪದ ಬಳಸುತ್ತಾರೆಂಬುದು ಅಮೆರಿಕದಲ್ಲಿ ಕುಳಿತವನಿಗೆ ತಿಳಿಯದು, ನಿಮಗೆ ತಿಳಿದಿದೆ. ಅಲ್ಲಿಯೇ ಹುಡುಕಿರಿ. ಹೆಸರು ಚಿಕ್ಕದಾಗಿರಲಿ, ಅಂಕಿ ಅಡ್ಡಗೆರೆಗಳಿಲ್ಲದಿರಲಿ. ಫೋನಿನಲ್ಲಿ ಒಮ್ಮೆ ಹೇಳಿದರೆ ಕೇಳಿದವನು ತಪ್ಪಿಲ್ಲದೆ ಬರೆದುಕೊಳ್ಳುವಂತಿರಲಿ. ಒಂದೇ ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಮೂರು ಬಗೆಯಾಗಿ ಬರೆಯಬಹುದಾದರೆ ಆ ಹೆಸರಿನ ಬೆಲೆ ಅಷ್ಟರಮಟ್ಟಿಗೆ ಇಳಿಯಿತು. ಹೊಸ ಬಾಲಗಳಲ್ಲಿ ಮೊದಲ ವರ್ಷ ನೂರು ರೂಪಾಯಿಯೆಂದು ಆಸೆ ತೋರಿಸಿ ಎರಡನೆಯ ವರ್ಷದಿಂದ ಹಲವು ಪಟ್ಟು ಕೇಳುವುದು ಸಾಮಾನ್ಯ. ಆದುದರಿಂದ ಕೊಳ್ಳುವ ದರಕ್ಕಿಂತ ಮೊದಲು ನವೀಕರಣದ ದರವನ್ನು ಕೇಳಿರಿ. ಎರಡು ವರ್ಷದೊಳಗೆ ಒಬ್ಬನಾದರೂ ವಿಚಾರಿಸದ ಹೆಸರನ್ನು ಮಮತೆಯಿಲ್ಲದೆ ಬಿಟ್ಟುಬಿಡಿ. ಕೊಂಡದ್ದು, ಕಟ್ಟಿದ್ದು, ಮಾರಿದ್ದು ಎಲ್ಲವನ್ನೂ ಬರೆದಿಡಿ. ಲಾಭ ಬಂದರೆ ಅದು ಆದಾಯ ತೆರಿಗೆಯ ಲೆಕ್ಕಕ್ಕೆ ಸೇರುತ್ತದೆ.

ಮಾರುವಾಗಲೂ ವಿವೇಕ ಬೇಕು. ಗುರುತಿಲ್ಲದವನೊಬ್ಬ ಭಾರಿ ಬೆಲೆ ಹೇಳಿ, "ಮೊದಲು ಇಂಥ ಕಡೆಯಿಂದ ಮೌಲ್ಯಮಾಪನದ ಪತ್ರ ತನ್ನಿ" ಎಂದು ಶುಲ್ಕ ಕಟ್ಟಿಸಿದರೆ ಅದು ಹಳೆಯ ಮೋಸ. ಕೊಳ್ಳುವವನೂ ಪತ್ರ ಕೊಡುವವನೂ ಒಬ್ಬನೇ. ಹಣ ಕೈಸೇರುವ ಮುನ್ನ ಹೆಸರನ್ನು ವರ್ಗಾಯಿಸಬೇಡಿ. ಎರಡೂ ಕಡೆಗೆ ನಂಬಿಕೆಯಾಗುವಂತೆ ಹಣವನ್ನು ಮಧ್ಯಸ್ಥರ ಬಳಿ ಇಡುವ ಎಸ್ಕ್ರೋ ಪದ್ಧತಿಯುಂಟು, ಅದನ್ನು ಬಳಸಿರಿ.

ಎಲ್ಲಕ್ಕಿಂತ ಮುಖ್ಯವಾದುದು, ಇನ್ನೊಬ್ಬರು ದುಡಿದು ಗಳಿಸಿದ ಹೆಸರನ್ನು ಹಿಡಿದು ಅವರಿಗೇ ಮಾರಹೊರಡುವುದು ವ್ಯಾಪಾರವಲ್ಲ. 1999ರಲ್ಲಿ ಐಕ್ಯಾನ್ ಒಪ್ಪಿದ ನಿಯಮದಂತೆ ಅಂಥ ಹೆಸರನ್ನು ಕಿತ್ತುಕೊಂಡು ಹಕ್ಕುದಾರನಿಗೆ ಕೊಡಬಹುದು. ಡಾಟ್ ಇನ್‌ಗೂ ಪ್ರತ್ಯೇಕ ನಿಯಮಾವಳಿಯಿದೆ. ನಮ್ಮ ದೇಶದ ಪ್ರಮುಖ ತೀರ್ಪು ಬೆಂಗಳೂರಿನಲ್ಲಿ ಹೂಡಿದ ದಾವೆಯಿಂದಲೇ ಬಂತು. ಸತ್ಯಂ ಇನ್ಫೋವೇ ಕಂಪನಿ 'ಸಿಫಿ' ಎಂಬ ಪದವಿರುವ ಹೆಸರುಗಳನ್ನು 1999ರಲ್ಲಿ ನೋಂದಾಯಿಸಿತ್ತು. ಇನ್ನೊಂದು ಕಂಪನಿ 2001ರಿಂದೀಚೆಗೆ ಒಂದಕ್ಷರ ಹೆಚ್ಚಿಸಿದ ಹೆಸರುಗಳನ್ನು ಪಡೆಯಿತು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟು ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟು ಅದನ್ನು ತೆಗೆಯಿತು, 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಮತ್ತೆ ಎತ್ತಿಹಿಡಿಯಿತು. ಡೊಮೇನ್‌ಗೆಂದು ಪ್ರತ್ಯೇಕ ಕಾಯಿದೆ ಇಲ್ಲದಿದ್ದರೂ ವ್ಯಾಪಾರದ ಹೆಸರಿಗಿರುವ ರಕ್ಷಣೆ ಅದಕ್ಕೂ ಉಂಟು ಎಂಬುದೇ ಆ ತೀರ್ಪಿನ ಸಾರ. ಇಳಕಲ್ ಸೀರೆ, ಮೈಸೂರು ರೇಷ್ಮೆ, ಧಾರವಾಡ ಪೇಡಾ ಇವು ಭೌಗೋಳಿಕ ಸೂಚಕವಾಗಿ ನೋಂದಾಯಿತವಾದ ಹೆಸರುಗಳು. ಅವು ನೇಕಾರರ, ಕುಶಲಕರ್ಮಿಗಳ ತಲೆಮಾರುಗಳ ಗಳಿಕೆ. ಅವುಗಳ ಮೇಲೆ ಕೈಹಾಕುವ ಯೋಚನೆಯೇ ಬೇಡ.

ಇದೇ ನ್ಯಾಯ ಸಣ್ಣವನಿಗೂ ಗುರಾಣಿಯಾಗಬಲ್ಲದು. ಅಮೆರಿಕದ ಉತ್ತರ ಕ್ಯಾರೊಲಿನದಲ್ಲಿ ಊಜಿ ನಿಸ್ಸಾನ್ ಎಂಬ ಸಣ್ಣ ಕಂಪ್ಯೂಟರ್ ವ್ಯಾಪಾರಿ ಇದ್ದರು. ನಿಸ್ಸಾನ್ ಎಂಬುದು ಅವರ ಮನೆತನದ ಹೆಸರು. 1994ರಲ್ಲಿ ಆ ಹೆಸರಿನ ಡಾಟ್ ಕಾಮ್ ವಿಳಾಸವನ್ನು ತಮ್ಮ ಅಂಗಡಿಗಾಗಿ ನೋಂದಾಯಿಸಿದರು. ಅದೇ ಹೆಸರಿನ ಜಪಾನಿ ಕಾರು ಕಂಪನಿ 1999ರಲ್ಲಿ ಅವರ ಮೇಲೆ ಒಂದು ಕೋಟಿ ಡಾಲರಿನ ದಾವೆ ಹೂಡಿತು. ಅವರು ವರ್ಷಗಟ್ಟಲೆ ಹೋರಾಡಿ, ಅಪಾರ ಹಣ ಕಳೆದುಕೊಂಡು, ಹೆಸರನ್ನು ಉಳಿಸಿಕೊಂಡರು. 2020ರಲ್ಲಿ ತೀರಿಕೊಳ್ಳುವವರೆಗೂ ಬಿಟ್ಟುಕೊಡಲಿಲ್ಲ. ಅವರ ಹಕ್ಕಿಗೆ ಬಲ ಬಂದದ್ದು, ಹೆಸರು ಅವರದೇ ಆಗಿದ್ದುದರಿಂದ ಮತ್ತು ಅದನ್ನು ಅವರು ತಮ್ಮ ಕಸುಬಿಗೆ ಬಳಸುತ್ತಿದ್ದುದರಿಂದ.

ಕೊನೆಯದಾಗಿ ನೀತಿಯ ಪ್ರಶ್ನೆ. ಬಳಸದ ಹೆಸರುಗಳನ್ನು ಸಾವಿರಗಟ್ಟಲೆ ಕೂಡಿಹಾಕಿ ಬೆಲೆ ಏರಿಸುವುದಕ್ಕೂ ಧಾನ್ಯವನ್ನು ಗೋದಾಮಿನಲ್ಲಿ ಬಚ್ಚಿಡುವುದಕ್ಕೂ ಎಷ್ಟು ಅಂತರ? ಹೆಸರಿಲ್ಲದೆ ಯಾರೂ ಉಪವಾಸ ಬೀಳರು, ಅಷ್ಟು ಅಂತರವಿದೆ. ಆದರೆ ಹೊಸದಾಗಿ ಅಂಗಡಿ ತೆರೆಯುವ ಬಡವನು ತನ್ನ ಕಸುಬಿನ ಪದಕ್ಕೆ ಎಂದೂ ದುಡಿಯದವನೊಬ್ಬನಿಗೆ ಸುಂಕ ಕೊಡಬೇಕಾಗಿ ಬರುವುದೂ ನಿಜ. ನಿಯಮದಿಂದ ಇದನ್ನು ತಡೆಯಲಾಗದೆಂಬ ಮಾತು ಸುಳ್ಳು. ಹೆಸರನ್ನು ಐದು ದಿನದೊಳಗೆ ಹಿಂತಿರುಗಿಸಿದರೆ ಹಣ ವಾಪಸೆಂಬ ಸವಲತ್ತನ್ನು ಹಿಡಿದು ಕೆಲವು ಕಂಪನಿಗಳು ಲಕ್ಷಾಂತರ ಹೆಸರುಗಳನ್ನು ಪುಕ್ಕಟೆಯಾಗಿ ಆಡಿಸುತ್ತಿದ್ದವು. 2008ರಲ್ಲಿ ಐಕ್ಯಾನ್, ಮಿತಿ ಮೀರಿ ಹಿಂತಿರುಗಿಸಿದ ಹೆಸರುಗಳ ಮೇಲೆ ಶುಲ್ಕ ವಿಧಿಸಿತು. ಒಂದು ವರ್ಷದಲ್ಲಿ ಆ ಆಟ ಬಹುಮಟ್ಟಿಗೆ ನಿಂತಿತು.

ಅಲ್ಲಿಯ ನಿಯಮ ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವ ಕೆಲಸ ಬೇರೆ ಇದೆ. ಪ್ರತಿಯೊಂದು ಊರಿನ ವರ್ತಕರ ಸಂಘವೂ ಕಾರ್ಮಿಕರ ಸಹಕಾರ ಸಂಘವೂ ತನ್ನ ಸದಸ್ಯರ ಹೆಸರುಗಳ ಒಂದು ರಿಜಿಸ್ಟರ್ ಇಡಲಿ: ಯಾರ ಅಂಗಡಿಗೆ ಯಾವ ವಿಳಾಸ, ಖಾತೆ ಯಾರ ಹೆಸರಿನಲ್ಲಿ, ಅವಧಿ ಮುಗಿಯುವ ದಿನ ಯಾವುದು. ತಿಂಗಳಿಗೊಮ್ಮೆ ಅದನ್ನು ಓದಿ ಹೇಳಲಿ. ಕಂಪ್ಯೂಟರ್ ಬಲ್ಲ ಒಬ್ಬ ತರುಣನಿಗೆ ಒಂದು ಭಾನುವಾರದ ಕೆಲಸ ಇದು. ಎರಡು ಹೆಸರು ಕೊಂಡು ಲಕ್ಷಕ್ಕಾಗಿ ಕಾಯುವುದಕ್ಕಿಂತ ಇಪ್ಪತ್ತು ಅಂಗಡಿಗಳ ಹೆಸರನ್ನು ಅವುಗಳ ಒಡೆಯರ ಕೈಯಲ್ಲಿಯೇ ಉಳಿಸಿಕೊಟ್ಟರೆ ಆ ತರುಣನ ವಿದ್ಯೆಗೆ ಊರಿನಲ್ಲಿ ಬೆಲೆ ಬರುತ್ತದೆ. ಅದರಿಂದ ಅವನಿಗೆ ನ್ಯಾಯವಾದ ಕೂಲಿಯೂ ದೊರೆಯಲಿ.